ಅವರೆಯ ಬೆಳಕಿನ ಸ್ಪಂದನೆ: ಬಿಳಿಗಿರಿರಂಗನ ಬೆಟ್ಟದ ಸೀಮೆ

ಹಗಲು ಕುಗ್ಗಿ ಇರುಳು ಹಿಗ್ಗಿದಾಗಲೇ ಹೂಬಿಡುವುದು ನಾಟಿ ಅವರೆಯ ಗುಣ. ಈ ಗುಣ ತಳಿಯಿಂದ ತಳಿಗೆ ಬೇರೆಯಾಗುತ್ತದೆ. ಕೆಲವು ತಳಿಗಳಲ್ಲಿ ಇಲ್ಲವೇ ಇಲ್ಲ. ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಬಿಳಿಗಿರಿರಂಗನ ಬೆಟ್ಟ 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಇಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಇಷ್ಟು ಕಡಿಮೆ ಏರಿಳಿತವನ್ನೂ ಅವರೆಯ ಎಲೆ ಗುರುತಿಸುತ್ತದೆ ಎಂಬುದು ನಿಜಕ್ಕೂ ಸೋಜಿಗ.

ಹಳೆ ಮೈಸೂರು ಸೀಮೆಯ ರೈತರು ರಾಗಿ ಹೊಲದಲ್ಲಿ ಅವರೆಯನ್ನು ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ನಡುನಡುವೆ ಬೇರೆ ಸಾಲಾಗಿ, ಬಿತ್ತುತ್ತ ಬಂದವರು. ಬೆಟ್ಟದ ಸೋಲಿಗ ಬುಡಕಟ್ಟಿನವರ ಹೊಲಗಳಲ್ಲೂ ರಾಗಿ, ಅವರೆ, ಸಾಸಿವೆ ಬೆರೆತೇ ಬೆಳೆದವು. ಮಳೆ ಹಿಂದುಮುಂದಾಗಿ ಬಿತ್ತನೆ ವಾರಗಟ್ಟಲೆ ತಡವಾದರೂ ನಾಟಿ ಅವರೆ ಹೂವಿಗೆ ಬರುವ ಕಾಲ ಅಷ್ಟಾಗಿ ಕದಲುವುದಿಲ್ಲ. ರಾಗಿ ತೆನೆ ಬಲಿಯುವವರೆಗೆ ಬಳ್ಳಿ ಎಲೆಯನ್ನಷ್ಟೇ ಬಿಡುತ್ತದೆ. ಕುಯಿಲಾಗಿ ಹೊಲ ಬಯಲಾದ ಮೇಲೆ ಚಳಿಯಲ್ಲಿ, ನೆಲದಲ್ಲುಳಿದ ತೇವದಲ್ಲೇ ಕಾಯಿ ಕಟ್ಟುತ್ತದೆ. ಮಳೆಯನ್ನೇ ನಂಬಿದ ಬೇಸಾಯಕ್ಕೆ ಇದಕ್ಕಿಂತ ಒಗ್ಗುವ ಗುಣ ಸಿಗುವುದು ಕಷ್ಟ. ವರ್ಷವರ್ಷವೂ ಬೀಜ ಎತ್ತಿಟ್ಟವರು ಉಳಿಸಿಕೊಟ್ಟ ಗುಣವಿದು, ಆ ಶ್ರೇಯ ಅವರಿಗೇ ಸಲ್ಲಬೇಕು.

ವಿಜ್ಞಾನದ ದಾಖಲೆ ತಡವಾಗಿ ಬಂತು. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು ಮತ್ತು ಸೋಯಾ ಅವರೆಯ ಪ್ರಯೋಗಗಳಿಂದ ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು ತೋರಿಸಿದರು. ಬೇರೆಬೇರೆ ದಿನ ಬಿತ್ತಿದ ಬಿಲಾಕ್ಸಿ ಎಂಬ ಸೋಯಾ ತಳಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೂಬಿಟ್ಟದ್ದು ಅವರಿಗೆ ಸಿಕ್ಕ ಸುಳಿವು. ಅಕ್ಕಡಿ ಸಾಲಿನಲ್ಲಿ ಕಾಣುವುದೂ ಅದೇ. ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅವರಿಂದ ತಿಳಿಯಿತು. ಕೆಂಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ 1959ರಲ್ಲಿ ಪತ್ತೆಯಾಯಿತು.

ಕರ್ನಾಟಕದಲ್ಲಿ ಅವರೆಯ ಈ ಗುಣದ ಶೋಧ ನಡೆದದ್ದು 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಆವರಣದಲ್ಲಿ. ಯಾವ ಕಾಲದಲ್ಲಿ ಬಿತ್ತಿದರೂ ಹೂಬಿಡುವ ಅವರೆಯ ಬಗ್ಗೆ ವಿಶ್ವನಾಥ್, ಶಿವಶಂಕರ್ ಮತ್ತು ಮಂಜುನಾಥ್ 1971ರ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಹೆಬ್ಬಾಳ ಅವರೆ-3 ಮತ್ತು ಅದನ್ನು ಮಾಗಡಿಯ ನಾಟಿ ತಳಿಯೊಂದಿಗೆ ಸಂಕರಿಸಿ ಪಡೆದ ಹೆಬ್ಬಾಳ ಅವರೆ-4 ಹಗಲಿನ ಅಳತೆಗೆ ಕಟ್ಟುಬೀಳದ ಕುಳ್ಳ ತಳಿಗಳು. ನೀರಾವರಿ ಇದ್ದವರು ಇವನ್ನು ವರ್ಷವಿಡೀ ಬೆಳೆದು ಸೊನೆಗಾಯಿ ಮಾರಬಹುದು. ಸೊಗಡಿನ ವಿಷಯದಲ್ಲಿ ಮಾತ್ರ ಚಳಿಗಾಲದ ನಾಟಿ ಅವರೆಯನ್ನೇ ಜನ ಮೆಚ್ಚುತ್ತಾರೆ.

ಅಕ್ಕಡಿಗೆ ಈ ಹೊಸ ತಳಿಗಳು ಒಗ್ಗುವುದಿಲ್ಲ. ರಾಗಿಯ ಜತೆ ಬಿತ್ತಿದರೆ ಅವು ಆರೇಳು ವಾರಕ್ಕೇ, ಪೈರಿನ ನೆರಳಿನಲ್ಲಿ, ಮಳೆಗಾಲದ ನಡುವೆ ಹೂವಿಗೆ ಬಂದುಬಿಡುತ್ತವೆ.