ಸಲಹೆಯ ಬೆಲೆ: ಬನಾರಸೀದಾಸರ ಬಾಳಿನ ಪಾಠ

ಶ್ರಾವಕರ ಮಕ್ಕಳು ತಂದೆಯ ಗಾದಿಯ ಪಕ್ಕದಲ್ಲಿ ಕುಳಿತು ವ್ಯಾಪಾರ ಕಲಿಯುತ್ತಿದ್ದ ಕಾಲವೊಂದಿತ್ತು. ಲೆಕ್ಕದ ಪುಸ್ತಕವೇ ಪಠ್ಯ, ಗಿರಾಕಿಯೇ ಪರೀಕ್ಷಕ. ಇಂದು ಅವರ ಮುಂದೆ ವ್ಯಾಪಾರ ಮಾರ್ಗದರ್ಶಕರು, ಕೋಚ್‌ಗಳು ಎಂಬ ಹೊಸ ವೃತ್ತಿಯವರು ಬಂದು ನಿಂತಿದ್ದಾರೆ. ಅವರಿಗೆ ಶುಲ್ಕ ಕೊಟ್ಟು ಸಲಹೆ ಪಡೆಯಬೇಕೆ, ಬೇಡವೆ ಎಂಬುದು ಅನೇಕ ಮನೆಗಳಲ್ಲಿ ತಂದೆಗೂ ಮಗನಿಗೂ ನಡುವಣ ವಾದವಾಗಿದೆ. ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಬಾಳಿದ ಜೈನ ವಣಿಕರೊಬ್ಬರ ಜೀವನವು ಈ ವಾದಕ್ಕೆ ಒಳ್ಳೆಯ ಬೆಳಕನ್ನು ನೀಡುತ್ತದೆ.

ಬನಾರಸೀದಾಸರು 1586ರಲ್ಲಿ ಜೌನ್‌ಪುರದ ಶ್ರೀಮಾಲ ಮನೆತನದಲ್ಲಿ ಜನಿಸಿದರು. ತಂದೆ ಖರಗಸೇನರು ರತ್ನವ್ಯಾಪಾರಿಗಳು. ಬನಾರಸೀದಾಸರು 1641ರಲ್ಲಿ ತಮ್ಮ ಐವತ್ತೈದು ವರ್ಷಗಳ ಬಾಳನ್ನು 'ಅರ್ಧಕಥಾನಕ' ಎಂಬ ಹೆಸರಿನಲ್ಲಿ ಪದ್ಯರೂಪವಾಗಿ ಬರೆದರು. ಮನುಷ್ಯನ ಪೂರ್ಣಾಯುಷ್ಯ ನೂರ ಹತ್ತು ವರ್ಷವೆಂದು ಎಣಿಸಿ, ತಾವು ಹೇಳಿರುವುದು ಅರ್ಧ ಕಥೆಯೆಂದು ಅವರು ಭಾವಿಸಿದರು. ಲಾಭವನ್ನು ಮಾತ್ರ ಹೇಳಿ ನಷ್ಟವನ್ನು ಮುಚ್ಚಿಡದಿರುವುದು ಆ ಗ್ರಂಥದ ಹಿರಿಮೆ.

ತಾರುಣ್ಯದಲ್ಲಿ ಅವರಿಗೆ ಸನ್ಯಾಸಿಯೊಬ್ಬನು ದೊರೆತನು. ತಾನು ಕೊಡುವ ಮಂತ್ರವನ್ನು ಒಂದು ವರ್ಷ ಗುಟ್ಟಾಗಿ ಜಪಿಸಿದರೆ ಆಮೇಲೆ ನಿತ್ಯವೂ ಬಾಗಿಲಲ್ಲಿ ಒಂದು ಚಿನ್ನದ ನಾಣ್ಯ ಸಿಗುವುದೆಂದು ಆತ ನಂಬಿಸಿದನು. ಬನಾರಸೀದಾಸರು ವರ್ಷವಿಡೀ ಜಪಿಸಿದರು, ನಾಣ್ಯ ಬರಲಿಲ್ಲ. ಇಲ್ಲಿ ಗಮನಿಸಬೇಕಾದುದು ಆ ಮಾತಿನ ಕಟ್ಟು. ಫಲದ ಭರವಸೆ ನಿಶ್ಚಿತ, ಸಾಧನೆ ರಹಸ್ಯ, ಪರೀಕ್ಷೆಗೆ ಒಂದು ವರ್ಷದ ವಾಯಿದೆ. ಅಷ್ಟರಲ್ಲಿ ಹೇಳಿದವನು ಯಾವ ಊರಿನಲ್ಲಿರುವನೋ ಬಲ್ಲವರಾರು?

1610ರಲ್ಲಿ ಖರಗಸೇನರು ಮಗನಿಗೆ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಕೊಟ್ಟು ಆಗ್ರಾಕ್ಕೆ ಕಳುಹಿಸಿದರು. ಬಂಡವಾಳದಲ್ಲಿ ಒಂದಂಶ ಸಾಲದ್ದು. ಸರಕು ಮನೆಯದಾದರೂ ಆಗ್ರಾದ ಮಾರುಕಟ್ಟೆಯ ಅನುಭವ ಮಗನಿಗಿರಲಿಲ್ಲ. ಬಟ್ಟೆಯಲ್ಲಿ ನಷ್ಟವಾಯಿತು. ರತ್ನಗಳಲ್ಲಿ ಕೆಲವು ಲಾಡಿಯ ಗಂಟಿನಿಂದ ಜಾರಿಹೋದವು, ಕೆಲವನ್ನು ಇಲಿಗಳು ಎಳೆದೊಯ್ದವು. ಕೈ ಬರಿದಾದಾಗ ಕಚೋರಿ ಮಾರುವವನೊಬ್ಬನು ಅವರಿಗೆ ತಿಂಗಳುಗಟ್ಟಲೆ ಉದ್ದರಿ ಕೊಟ್ಟನು. ತಮ್ಮಲ್ಲಿ ಹಣವಿಲ್ಲವೆಂದು ಬನಾರಸೀದಾಸರು ಮುಚ್ಚುಮರೆಯಿಲ್ಲದೆ ಹೇಳಿದರು. ಮುಂದೆ ಆ ಸಾಲವನ್ನು ತೀರಿಸಿದರು. ಮಾರುಕಟ್ಟೆಯನ್ನು ಬಲ್ಲ ಒಬ್ಬ ಹಿರಿಯನು ಆರಂಭದಲ್ಲಿ ಜೊತೆಗಿದ್ದು, ಅವನಿಗೆ ನ್ಯಾಯವಾದ ಸಂಭಾವನೆಯನ್ನು ಕೊಟ್ಟಿದ್ದರೂ, ಆ ನಷ್ಟಕ್ಕಿಂತ ಅದು ಅಗ್ಗವಾಗುತ್ತಿತ್ತು.

ಮೂರನೆಯ ಪ್ರಸಂಗ ಧರ್ಮಕ್ಷೇತ್ರದ್ದು. 1623ರ ಸುಮಾರಿಗೆ ಕುಂದಕುಂದಾಚಾರ್ಯರ 'ಸಮಯಸಾರ'ದ ಮೇಲಿನ ರಾಜಮಲ್ಲರ ಟೀಕೆ ಅವರ ಕೈಸೇರಿತು. ವಿವರಿಸಿ ಹೇಳುವ ವಿದ್ವಾಂಸರಿಲ್ಲದೆ ಓದಿದ ಅವರು ನಿಶ್ಚಯನಯವನ್ನೇ ಹಿಡಿದು ವ್ಯವಹಾರವನ್ನು ಬಿಟ್ಟರು. ಪೂಜೆ, ಕ್ರಿಯೆಗಳನ್ನು ಹಗುರವಾಗಿ ಕಂಡರು. ಹನ್ನೆರಡು ವರ್ಷಗಳ ಬಳಿಕ, 1635ರ ಸುಮಾರಿಗೆ, ಪಾಂಡೆ ರೂಪಚಂದರು ಆಗ್ರಾಕ್ಕೆ ಬಂದು 'ಗೊಮ್ಮಟಸಾರ'ವನ್ನು ಬೋಧಿಸಿದರು. ಯಾವ ಗುಣಸ್ಥಾನದಲ್ಲಿರುವವನಿಗೆ ಯಾವ ಕ್ರಿಯೆ ಉಚಿತವೆಂಬುದು ಆಗ ಬನಾರಸೀದಾಸರಿಗೆ ತಿಳಿಯಿತು, ಸಂಶಯ ಹರಿಯಿತು. ಗೊಮ್ಮಟಸಾರವು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗಾಗಿ ರಚಿಸಿದ ಗ್ರಂಥ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದ ಆ ಗಂಗಮಂತ್ರಿಗೆ ದೊರೆತ ಬೋಧೆಯೇ ಆರೂವರೆ ಶತಮಾನಗಳ ತರುವಾಯ ಆಗ್ರಾದ ವರ್ತಕನನ್ನು ದಾರಿಗೆ ತಂದಿತು. ಪುಸ್ತಕವೊಂದಿದ್ದರೆ ಸಾಲದು, ತಪ್ಪನ್ನು ತೋರಿಸಬಲ್ಲವರೂ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಬೋಧನೆಗೆ ಹಣ ಪಡೆಯುವುದು ಉಚಿತವೆ? ಜಿನಸೇನಾಚಾರ್ಯರ 'ಆದಿಪುರಾಣ'ವು ವೃಷಭದೇವನು ಪ್ರಜೆಗಳ ಜೀವನೋಪಾಯಕ್ಕಾಗಿ ಉಪದೇಶಿಸಿದ ಷಟ್ಕರ್ಮಗಳನ್ನು ಹೇಳುತ್ತದೆ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ವಾಣಿಜ್ಯದಂತೆ ವಿದ್ಯೆಯೂ ಇಲ್ಲಿ ಜೀವಿಕೆ. ಆದುದರಿಂದ ಲೌಕಿಕ ವಿದ್ಯೆ ಕಲಿಸಿ ಸಂಭಾವನೆ ಪಡೆಯುವವನು ತಪ್ಪುಗಾರನಲ್ಲ, ಕೊಡುವವನು ಮೂರ್ಖನೂ ಅಲ್ಲ. ಧರ್ಮಬೋಧೆಯ ಮಾತು ಬೇರೆ. ಶಾಸ್ತ್ರದಾನವು ಚತುರ್ವಿಧ ದಾನಗಳಲ್ಲಿ ಒಂದು, ಅದಕ್ಕೆ ಬೆಲೆ ಕಟ್ಟಲಾಗದು.

ಆದರೆ ವಿದ್ಯೆಯ ಮಾರಾಟಕ್ಕೂ ವ್ರತದ ಎಲ್ಲೆಯುಂಟು. 'ತತ್ತ್ವಾರ್ಥಸೂತ್ರ'ವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನು ಮೊದಲು ಎಣಿಸಿದೆ. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಇದನ್ನು ಮೋಕ್ಷದ ವಿಷಯಕ್ಕೆ ಮಾತ್ರ ಸೀಮಿತಗೊಳಿಸದೆ, ಲೌಕಿಕ ಅಭ್ಯುದಯದ ವಿಷಯದಲ್ಲಿ ಪರರನ್ನು ತಪ್ಪುದಾರಿಗೆ ಹಚ್ಚುವುದಕ್ಕೂ ಅನ್ವಯಿಸಿದ್ದಾರೆ. ಇಷ್ಟು ತಿಂಗಳಲ್ಲಿ ಲಾಭ ಇಮ್ಮಡಿಯಾಗುವುದು ಖಚಿತವೆಂದು ಶುಲ್ಕ ಪಡೆಯುವವನು ಈ ದೋಷದಿಂದ ಪಾರಾಗಲಾರನು. ಅದೇ ಪಟ್ಟಿಯಲ್ಲಿ ಸಾಕಾರಮಂತ್ರಭೇದವೂ ಇದೆ. ಪರರ ಆಂತರ್ಯವನ್ನು ಅರಿತು ಹೊರಗೆಡಹುವುದು ಅದರ ಭಾವ. ಒಬ್ಬ ವ್ಯಾಪಾರಿಯ ಲೆಕ್ಕವನ್ನು ನೋಡಿದ ಸಲಹೆಗಾರನು ಅದನ್ನು ಮತ್ತೊಬ್ಬನ ಮುಂದೆ ಉದಾಹರಣೆಯಾಗಿ ಬಿಡಿಸಿಟ್ಟರೆ, ಅವನ ಜ್ಞಾನ ಎಷ್ಟೇ ಇರಲಿ, ಅವನನ್ನು ಗಾದಿಯ ಬಳಿ ಸೇರಿಸಬಾರದು.

ಶುಲ್ಕ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇದರಿಂದ ಸ್ಪಷ್ಟವಾಗುತ್ತವೆ. ಆತ ಮಾರುತ್ತಿರುವುದು ಫಲದ ಭರವಸೆಯನ್ನೊ, ಲೆಕ್ಕ ನೋಡಿ ದೋಷ ತೋರಿಸುವ ಕೆಲಸವನ್ನೊ? ಆ ವ್ಯಾಪಾರದಲ್ಲಿ ಆತನೇ ಲಾಭ ನಷ್ಟಗಳನ್ನು ಉಂಡವನೆ? ಕೆಲಸವೇನು, ಅವಧಿಯೆಷ್ಟು, ಹಣವೆಷ್ಟು ಎಂಬುದು ಬರಹದಲ್ಲಿದೆಯೆ? ಅಷ್ಟೇ ಮುಖ್ಯವಾಗಿ, ಕೊಡುವ ಹಣ ಯಾರದು? ಗಳಿಸಿದ ಲಾಭದಿಂದ ಕೊಟ್ಟರೆ ಅದು ವೆಚ್ಚ. ನಷ್ಟವಾದರೂ ಮನೆ ನಿಲ್ಲುತ್ತದೆ. ಸಾಲ ತಂದು ಕೊಟ್ಟರೆ ಅದು ಜೂಜಿಗೆ ಸಮೀಪ. ಬಸದಿಯ ಆಡಳಿತ ಮಂಡಳಿಗಳಿಗೂ ಈ ಮಾತು ಸಲ್ಲುತ್ತದೆ. ಲೆಕ್ಕ ತಪಾಸಣೆಯಂಥ ನಿಯತ ಕಾರ್ಯಕ್ಕೆ ತಜ್ಞರನ್ನು ನೇಮಿಸುವುದು ಯುಕ್ತ. ಆದಾಯ ಹೆಚ್ಚಿಸಿಕೊಡುವೆನೆಂಬವನ ಮಾತು ನಂಬಿ ದೇವದ್ರವ್ಯವನ್ನು ಒಡ್ಡುವುದು ಅಯುಕ್ತ.

ಪ್ರತಿಯೊಂದು ಊರಿನ ಸಮಾಜದಲ್ಲಿಯೂ ಗಾದಿಯಿಂದ ನಿವೃತ್ತರಾದ ನಾಲ್ಕಾರು ಹಿರಿಯರಿದ್ದಾರೆ. ಅವರು ತಿಂಗಳಿಗೊಂದು ದಿನ ಬಸದಿಯ ಜಗಲಿಯಲ್ಲಿ ಕುಳಿತು ತರುಣರ ಲೆಕ್ಕ ನೋಡುವಂತಾದರೆ, ತಮ್ಮ ಲಾಭದ ಜೊತೆಗೆ ನಷ್ಟವನ್ನೂ ಬನಾರಸೀದಾಸರಂತೆ ಹೇಳುವಂತಾದರೆ, ಹೊರಗಿನವರಿಗೆ ಹಣ ಕೊಡುವ ಅಗತ್ಯ ಎಷ್ಟೆಂಬುದು ತರುಣರಿಗೆ ತಾನಾಗಿ ತಿಳಿಯುವುದು.