ಹೊಸತೊಡಕು

ಯುಗಾದಿ ಎಂದರೆ ಎಣ್ಣೆಸ್ನಾನ, ಮಾವಿನ ತೋರಣ, ಬೇವುಬೆಲ್ಲ, ಒಬ್ಬಟ್ಟು, ಪಂಚಾಂಗ ಶ್ರವಣ. ಚೈತ್ರ ಶುದ್ಧ ಪಾಡ್ಯದ ಈ ಆಚರಣೆಗಳು ಶಾಲಾ ಮಕ್ಕಳ ಪ್ರಬಂಧದಲ್ಲೂ ಇರುತ್ತವೆ. ಆದರೆ ಮಂಡ್ಯ, ಮೈಸೂರು, ರಾಮನಗರ, ತುಮಕೂರಿನ ಕಡೆಯ ಬಹಳಷ್ಟು ಮನೆಗಳಲ್ಲಿ ಹಬ್ಬ ಅಲ್ಲಿಗೆ ಅರ್ಧವಷ್ಟೇ ಆಯಿತು. ಇನ್ನರ್ಧ ಮಾರನೆಯ ದಿನದ್ದು. ಅದೇ ಹೊಸತೊಡಕು. ಬಾಯಿಮಾತಿನಲ್ಲಿ ಹೊಸ್ತೊಡ್ಕು, ಕೆಲವೆಡೆ ವರ್ಷದೊಡಕು.

ತೊಡಕು ಎಂದರೆ ಸಿಕ್ಕು, ಅಡ್ಡಿ. ನೂಲು ತೊಡಕಾಗುತ್ತದೆ, ಜಮೀನಿನ ಕಾಗದಪತ್ರದಲ್ಲಿ ತೊಡಕು ಬರುತ್ತದೆ, ಪತ್ರಿಕೆಯವರಿಗೆ 'ಕಾನೂನು ತೊಡಕು' ದಿನನಿತ್ಯದ ಮಾತು. ವರ್ಷ ಹುಟ್ಟಿದ ಮರುದಿನವೇ ಹೊಸದೊಂದು ಅಡ್ಡಿಯನ್ನು ಯಾರು ತಾನೇ ಮನೆಗೆ ಕರೆದಾರು? ಹಳ್ಳಿಯ ಹಿರಿಯರನ್ನು ಕೇಳಿದರೆ ಅದು 'ತೊಡಗು' ಕಣಪ್ಪ, ಹೊಸದಾಗಿ ಕೆಲಸಕ್ಕೆ ತೊಡಗೋದು ಅನ್ನುತ್ತಾರೆ. ನನ್ನ ಮನಸ್ಸೂ ಆ ಅರ್ಥದ ಕಡೆಗೇ ವಾಲುತ್ತದೆ. ಅಂದು ಏನು ಮಾಡಿದರೆ ಅದೇ ವರ್ಷವಿಡೀ ನಡೆಯುತ್ತದೆ ಎಂಬ ನಂಬಿಕೆ ಆ ದಿನದ ಬುಡದಲ್ಲೇ ಇದೆ. ಅದಕ್ಕೇ ಅಂದು ಜಗಳ ಬೇಡ, ಕಣ್ಣೀರು ಬೇಡ, ಹೊಟ್ಟೆತುಂಬ ಉಣ್ಣಬೇಕು. ಯುಗಾದಿಗೆ ಎತ್ತಿನ ಮೈ ತೊಳೆದು, ನೇಗಿಲಿಗೆ ಪೂಜೆ ಮಾಡಿ ವರ್ಷದ ಮೊದಲ ಉಳುಮೆಯಾದ ಹೊನ್ನಾರು ಹೂಡುವುದೂ ತೊಡಗುವುದೇ ಅಲ್ಲವೇ.

ಹೊಸತೊಡಕಿನ ಊಟವೆಂದರೆ ಬಾಡೂಟ. ಹಿಂದಿನ ದಿನದ ಒಬ್ಬಟ್ಟಿನ ಸಾರು ಒಂದು ಒಲೆಯ ಮೇಲೆ ಕುದಿಯುತ್ತಿದ್ದರೆ ಇನ್ನೊಂದರ ಮೇಲೆ ಮಟನ್ ಸಾರು, ಪಕ್ಕದಲ್ಲಿ ಮುದ್ದೆ. ಹಲವು ಊರುಗಳಲ್ಲಿ ವರ್ಷಪೂರ್ತಿ ಚೀಟಿ ಕಟ್ಟಿ, ಕೂಡಿದ ದುಡ್ಡಿನಲ್ಲಿ ಮರಿ ತಂದು ಕುಯ್ಯುತ್ತಾರೆ. ಬೆಳಕು ಹರಿಯುವ ಮುಂಚೆಯೇ ಗುಡ್ಡೆ ಹಾಕುವ ಕೆಲಸ ಶುರು. ಒಂದೊಂದು ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಮೂಳೆ, ಒಂದು ಚೂರು ಈಲಿ, ಒಂದು ಹಿಡಿ ಬೋಟಿ. ಯಾರ ಪಾಲೂ ಹೆಚ್ಚಲ್ಲ, ಯಾರ ಪಾಲೂ ಕಡಿಮೆಯಲ್ಲ. ಒಟ್ಟಿಗೆ ಸಾವಿರಾರು ರೂಪಾಯಿ ಹೊಂದಿಸಲಾಗದ ಕೂಲಿಯವರ ಮನೆಯಲ್ಲೂ ಅಂದು ಒಗ್ಗರಣೆ ಘಮ್ಮೆನ್ನುವುದು ಈ ಚೀಟಿಯಿಂದ. ಹಬ್ಬದ ಬಗ್ಗೆ ಬರೆಯುವವರು ಬೇವುಬೆಲ್ಲದ ತತ್ವಕ್ಕೆ ಪುಟಗಟ್ಟಲೆ ಕೊಡುತ್ತಾರೆ. ಈ ಗುಡ್ಡೆಯ ನ್ಯಾಯಕ್ಕೂ ಒಂದು ಪುಟ ಸಲ್ಲಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಮಧ್ಯಾಹ್ನದ ಮೇಲೆ ಅರಳಿಕಟ್ಟೆಯಲ್ಲಿ ದುಡ್ಡಿಟ್ಟು ಇಸ್ಪೀಟ್ ಎಲೆ ಆಟ. ಅದರಲ್ಲಿ ಮನೆ ಕಳೆದುಕೊಂಡವರೂ ಇದ್ದಾರೆ, ಆ ಭಾಗ ನನಗೆ ಹಿಡಿಸದು.

2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮರುದಿನದ ಹೊಸತೊಡಕು ಸೋಮವಾರ. ಸೋಮವಾರ ಶಿವನ ವಾರವೆಂದು ಬಾಡು ಮುಟ್ಟದ ಒಕ್ಕಲುಗಳು ನಮ್ಮಲ್ಲಿ ಎಷ್ಟೋ ಇವೆ. ಹೊಸತೊಡಕು ಹೀಗೆ ಸೋಮವಾರ ಬಿದ್ದರೆ ಇಂಥವರು, 'ನಮ್ಮನೇಲಿ ಮಂಗಳವಾರ ಹೊಸತೊಡಕು, ನಾಳಿದ್ದು ಬನ್ನಿ' ಎಂದು ನೆಂಟರಿಗೆ ಫೋನ್ ಮಾಡುತ್ತಾರೆ.