ಬನ್ನಿಮಂಟಪದ ದಾರಿಯಲ್ಲಿ ವೀರಗಾಸೆ

ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಿಂದ ಹೊರಟು, ಸಯ್ಯಾಜಿರಾವ್ ರಸ್ತೆಯನ್ನು ಹಾದು, ಸುಮಾರು 5 ಕಿಲೋಮೀಟರ್ ದೂರದ ಬನ್ನಿಮಂಟಪವನ್ನು ಸೇರುವ ಜಂಬೂಸವಾರಿಯಲ್ಲಿ ಅಂಬಾರಿಯ ಆನೆಗಿಂತ ಬಹು ಮುಂದೆ ವೀರಗಾಸೆಯ ತಂಡಗಳು ಸಾಗುತ್ತವೆ. ಪ್ರೇಕ್ಷಕರ ಪಾಲಿಗೆ ಅದು ಕೆಲವೇ ನಿಮಿಷಗಳ ನೋಟ. ಆದರೆ ಆ ವೇಷದ ಹಿಂದೆ ಒಂದು ಮತದ ದೀರ್ಘವಾದ ಸ್ಮೃತಿಯಿದೆ; ಆ ಮತದ ಚರಿತ್ರೆಯಲ್ಲಿ ಜೈನರಿಗೂ ಸಂಬಂಧಿಸಿದ ಅಧ್ಯಾಯವೊಂದು ಸೇರಿದೆ.

ವೀರರು ಕಾಸೆ ಕಟ್ಟುವ ಕ್ರಮದಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ತಲೆಯ ಮೇಲೆ ನೀಳವಾದ ಬಿಳಿಯ ಚವರಿ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕಾವಿಯ ಉಡುಗೆ, ಕಾಲಿಗೆ ಗೆಜ್ಜೆ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ವೀರಭದ್ರನ ಮರದ ಫಲಕ. ಕರಡೆ, ಚಮಾಳ, ತಾಳಗಳ ನಡುವೆ ಮುಖ್ಯಗಾರನು ಗದ್ಯಪ್ರಾಯವಾದ ಒಡಪುಗಳನ್ನು ಘೋಷಿಸುತ್ತಾನೆ. ದಕ್ಷಯಜ್ಞದ ಧ್ವಂಸವೇ ಅವುಗಳ ವಸ್ತು. ಶಿವನ ಜಟೆಯಿಂದ ಹುಟ್ಟಿದ ವೀರಭದ್ರನು ದಕ್ಷನ ಶಿರವನ್ನು ಕಡಿದುದು, ಆ ಮುಂಡಕ್ಕೆ ಬಳಿಕ ಕುರಿಯ ತಲೆ ಬಂದುದು ಇವೆಲ್ಲವೂ ಅಲ್ಲಿ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಇದೇ ಪರಂಪರೆಯವರನ್ನು ಪುರವಂತರೆಂದು ಕರೆಯುತ್ತಾರೆ. ಕೆನ್ನೆಗೆ ಶಸ್ತ್ರ ಚುಚ್ಚಿಕೊಳ್ಳುವ ವ್ರತವೂ ಅವರಲ್ಲಿ ಉಂಟು. ಶ್ರಾವಣ, ಕಾರ್ತಿಕ ಮಾಸಗಳೇ ಈ ಕುಣಿತದ ಮುಖ್ಯ ಕಾಲ.

ಹೀಗಾಗಿ ಇದು ಮೂಲತಃ ವಿನೋದವಲ್ಲ, ಆರಾಧನೆ. ಮೆರವಣಿಗೆಯ ಗದ್ದಲದಲ್ಲಿ ಒಡಪು ಕೇಳುವುದಿಲ್ಲ. ಹೆಜ್ಜೆ, ಉಡುಗೆಗಳಷ್ಟೇ ಉಳಿಯುತ್ತವೆ. ಇದನ್ನು ನಷ್ಟವೆಂದೇ ಹೇಳಬೇಕು. ಈಚೆಗೆ ಮಹಿಳೆಯರೂ ಈ ಕುಣಿತವನ್ನು ಕಲಿತು ತಂಡ ಕಟ್ಟಿರುವುದು ಮಾತ್ರ ಲಾಭದ ಲೆಕ್ಕಕ್ಕೆ ಸೇರತಕ್ಕದ್ದು.

ವೀರಗಾಸೆಯ ಕಥೆ ದಕ್ಷನದು, ಜೈನರದಲ್ಲ. ಆದರೂ ಅದನ್ನು ಪೋಷಿಸಿದ ಶೈವಪರಂಪರೆಯ ವೀರಾವೇಶವು ಜಿನಬಿಂಬದತ್ತಲೂ ತಿರುಗಿದ ಕಾಲವೊಂದಿತ್ತು. ಬಿಜ್ಜಳನ ಕಾಲದಲ್ಲಿ ಏಕಾಂತದ ರಾಮಯ್ಯನು ಜಿನಪ್ರತಿಮೆಯನ್ನು ಒಡೆದು, ಆ ಸ್ಥಳದಲ್ಲಿ ಸೋಮನಾಥನನ್ನು ಪ್ರತಿಷ್ಠಿಸಿದ ಸಂಗತಿಯನ್ನು ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ವಿವರಿಸುತ್ತದೆ. ಅಲ್ಲಿನ ದೇವಾಲಯದ ಶಿಲ್ಪಗಳೂ ಅದನ್ನೇ ಚಿತ್ರಿಸುತ್ತವೆ. ಇದನ್ನು ಮರೆಮಾಚುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಮೆರವಣಿಗೆಯ ಹಕ್ಕು ತಾನೇತಾನಾಗಿ ದೊರೆತುದಲ್ಲ ಎಂಬುದಕ್ಕೆ ಜೈನರ ಬಳಿಯಲ್ಲೇ ಸಾಕ್ಷ್ಯವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೊದಗಿದಾಗ ವಿಜಯನಗರದ ಬುಕ್ಕರಾಯನು 1368ರಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಶಾಸನ ಮಾಡಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಪೂರ್ವದಂತೆ ಜೈನದರ್ಶನಕ್ಕೆ ಸಲ್ಲತಕ್ಕವೆಂಬುದು ಆ ನಿರ್ಣಯದ ತಿರುಳು. ವಾದ್ಯ, ಕಲಶಗಳೊಡನೆ ಬೀದಿಯಲ್ಲಿ ನಡೆಯುವುದು ಅಂದು ಮತದ ಮಾನದ ಪ್ರಶ್ನೆಯಾಗಿತ್ತು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳ್ಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣವಿಕ್ಕಿಸಬೇಕೆಂದೂ ಗೊತ್ತುಮಾಡಲಾಯಿತು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಆ ಶಾಸನವಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಅದರ ಪಾಠವೊಂದು ದೊರೆತಿದೆ.

ಅದೇ ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ಬಳಿಕ ಉತ್ಸವವು ಮೈಸೂರಿಗೆ ಬಂದಿತು. ಚಾಮುಂಡಿಯ ಉಪಾಸಕರಾದ ಈ ಅರಸರೇ ಬೆಳ್ಗೊಳದ ಮಸ್ತಕಾಭಿಷೇಕಕ್ಕೂ ಭಕ್ತಿಯಿಂದ ನಡೆದುಕೊಂಡರು. ಮಹಾರಾಜರು ಚಿನ್ನದ ಅಂಬಾರಿಯಲ್ಲಿ ಬಂದು ಬನ್ನಿಯ ವೃಕ್ಷವನ್ನು ಪೂಜಿಸುತ್ತಿದ್ದ ಕಾಲ ಕಳೆದು, ಇಂದು ಆ ಪೀಠದಲ್ಲಿ ಚಾಮುಂಡೇಶ್ವರಿಯ ವಿಗ್ರಹ ಬಿಜಯಂಗೈಯುತ್ತದೆ. ಅರಮನೆಯ ಉತ್ಸವ ನಾಡಹಬ್ಬವಾದುದರಿಂದ ಡೊಳ್ಳು, ಕಂಸಾಳೆ, ಗೊರವರ ಕುಣಿತಗಳೊಡನೆ ವೀರಗಾಸೆಯೂ ಒಂದೇ ಸಾಲಿನಲ್ಲಿ ನಡೆಯುತ್ತದೆ. ಜೈನರೂ ಎಲ್ಲರೊಡನೆ ದಾರಿಯ ಬದಿಯಲ್ಲಿ ನಿಂತು ಅದನ್ನು ನೋಡುತ್ತಾರೆ.